ಮೇಲೊಂದು ಹಿಡಿ ಕೊಸರು

ವೀರೇಂದ್ರನ ಹತ್ತಿರ ಕೋಟು ಇರಲಿಲ್ಲ. ಆಸ್ಟ್ರೇಲಿಯಾಕ್ಕೆ ಬಂದು ಒಂಬತ್ತು ವರ್ಷವಾಗಿದ್ದರೂ, ಮೆಲ್ಬರ್ನಿನ ಟ್ರುಗನಿನಾದ ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ನೋಡುವವನಿಗೆ ಕೋಟಿನ ಅಗತ್ಯ ಬಿದ್ದಿರಲಿಲ್ಲ. ಹೊಳೆಯುವ ಪಟ್ಟಿಯ ಹಳದಿ ಜಾಕೀಟು ಒಂದಿತ್ತು. ಅದನ್ನು ತೊಟ್ಟು ಟ್ರಿಬ್ಯೂನಲ್ ಮುಂದೆ ಸಾಕ್ಷಿ ಹೇಳಲು ಆಗುವುದಿಲ್ಲ. ಹೀಗಾಗಿ ಆ ಬೆಳಿಗ್ಗೆ ಸಿಡ್ನಿಯ ಎಪ್ಪಿಂಗಿನಲ್ಲಿ, ಹೆಂಡತಿಯ ತಮ್ಮ ಆದರ್ಶನ ಫ್ಲ್ಯಾಟಿನ ಕನ್ನಡಿಯ ಮುಂದೆ ನಿಂತು, ಆದರ್ಶನ ನೀಲಿ ಕೋಟಿನೊಳಗೆ ತನ್ನ ಭುಜಗಳನ್ನು ತೂರಿಸುತ್ತಿದ್ದ. ಕಂಕುಳಲ್ಲಿ ಬಟ್ಟೆ ಎಳೆಯುತ್ತಿತ್ತು. ತೋಳು ಮಾತ್ರ ಬೆರಳಿನ ಗೆಣ್ಣಿನವರೆಗೆ ಇಳಿದಿತ್ತು. ಕನ್ನಡಿಯಲ್ಲಿದ್ದವನು ಯಾರದೋ ಮದುವೆಗೆ ಕರೆಯದೆ ಬಂದವನ ಹಾಗೆ ಕಾಣುತ್ತಿದ್ದ.

"ಗುಂಡಿ ಹಾಕ್ಬೇಡಿ ಭಾವ, ಉಸಿರು ನಿಂತೋಗತ್ತೆ. ಓಪನ್ ಬಿಡಿ, ಸ್ಟೈಲು ಅಂದ್ಕೋತಾರೆ," ಎಂದ ಆದರ್ಶ.

ಅವನ ಹೆಂಡತಿ ಆರತಿ ಅಡುಗೆಮನೆಯಿಂದಲೇ ನೋಡಿ, "ಅಣ್ಣ ಸಾಕ್ಷಿ ಹೇಳೋಕ್ ಹೊರಟಿದಾರೋ, ಹೆಣ್ ನೋಡೋಕ್ ಹೊರಟಿದಾರೋ," ಎಂದಳು.

ಮೂವರೂ ನಕ್ಕರು. ಕಾಫಿ ಕೈಗೆ ಕೊಡುವಾಗ ಆದರ್ಶ ದನಿ ತಗ್ಗಿಸಿದ. "ಅಲ್ಲ ಭಾವ, ನಾವೆಲ್ಲ ಪಾಯಿಂಟ್ಸ್ ಎಣಿಸ್ಕೊಂಡು, ಇಂಗ್ಲಿಷ್ ಟೆಸ್ಟು ಮೂರ್ಮೂರ್ ಸಲ ಬರೆದು ಪಿಆರ್ ತಗೊಂಡವ್ರು. ನಿಮಗ್ಯಾಕೆ ಪಕ್ಕದ್ಮನೆಯವ್ರ ವೀಸಾ ಕೇಸಿನ ಉಸಾಬರಿ? ನಾಳೆ ನಿಮ್ಮ ಸಿಟಿಜನ್‌ಶಿಪ್‌ಗೇನಾದ್ರೂ ಅಡ್ಡ ಬಂದ್ರೆ?" ಹಾಗೆಲ್ಲ ಅಡ್ಡ ಬರುವುದಿಲ್ಲವೆಂದು ವೀರೇಂದ್ರ ಹೇಳಿದ. ಹೇಳುವಾಗ ಕಿವಿ ಬಿಸಿಯಾಯಿತು. ಇದೇ ಮಾತನ್ನು ಅವನೂ ತನ್ನೊಳಗೆ ಆಡಿಕೊಂಡಿದ್ದ, ಒಮ್ಮೆಯಲ್ಲ. ಆದರ್ಶನ ಬಾಯಲ್ಲಿ ಕೇಳಿದಾಗ ಮಾತ್ರ ಅದು ಸಣ್ಣತನವಾಗಿ ಕೇಳಿಸಿತು. ಮೆಲ್ಬರ್ನಿನಿಂದ ಜಯಲಕ್ಷ್ಮಿ ಫೋನು ಮಾಡಿದಳು. "ರೀ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ನಿಮ್ಮ ಬಾಯಿ ಶುರುವಾದ್ರೆ ನಿಲ್ಲಲ್ಲ." ಹೂಂ ಎಂದ. ಹಿಂದಿನಿಂದ ಮಗಳು ಅನಘಾ, "ಅಪ್ಪಾ, ಟೆಲ್ ಲಿಯಾನ್ ಐ ಮಿಸ್ ಹರ್," ಎಂದು ಕೂಗಿದ್ದು ಕೇಳಿಸಿತು.

ಮೆಟ್ರೊ ರೈಲು ನೆಲದಡಿಗೆ ಇಳಿಯುತ್ತಿದ್ದಂತೆ ಕಿಟಕಿಯ ಗಾಜಿನಲ್ಲಿ ಮತ್ತೆ ಅದೇ ಕೋಟಿನವನು ಕಂಡ. ಇವತ್ತು ಅವನು ಸಾಕ್ಷಿ ಹೇಳಬೇಕಿದ್ದದ್ದು ಬಸ್ಸಾಮನ ಪರವಾಗಿ. ಆ ಕುಟುಂಬ ಟ್ರುಗನಿನಾದಲ್ಲಿ ಪಕ್ಕದ ಮನೆಗೆ ಬಾಡಿಗೆಗೆ ಬಂದ ದಿನ ಬೇಲಿಯ ಆಚೆ ನಿಂತು ವೀರೇಂದ್ರ ಕೇಳಿದ್ದ ಮೊದಲ ಪ್ರಶ್ನೆ, ನಿಮ್ಮ ಊರು ಯಾವುದು ಎಂಬುದು. ದಾವಣಗೆರೆಯವರಿಗೆ ಬೇರೆ ಪ್ರಶ್ನೆ ಮೊದಲು ಬರುವುದಿಲ್ಲ. ಬಸ್ಸಾಮ್ ಬೇಲಿಯ ಹಲಗೆಯ ಮೇಲೆ ಮೊಣಕೈ ಊರಿ, ಸಮಯ ಇದೆಯಾ ಎಂದು ಕೇಳಿ, ಆಮೇಲೆ ಹೇಳಿದ. ಅಪ್ಪ ಗಾಜಾದಿಂದ ಹೊರಬಿದ್ದವನು, ಮರಳಿ ಹೋಗಲಾಗಲಿಲ್ಲ. ತಾನು ಹುಟ್ಟಿದ್ದು ಶಾರ್ಜಾದಲ್ಲಿ. ಆದರೆ ಅಲ್ಲಿ ಹುಟ್ಟಿದವನು ಅಲ್ಲಿಯವನಾಗುವುದಿಲ್ಲ. ಕೆಲಸ ಇದ್ದಷ್ಟು ದಿನ ವಾಸ, ಕೆಲಸ ಹೋದರೆ ವಾಸವೂ ಹೋಯಿತು. ಕೈಯಲ್ಲಿರುವುದು ಪಾಸ್‌ಪೋರ್ಟಲ್ಲ, ನಿರಾಶ್ರಿತರಿಗೆಂದು ಈಜಿಪ್ಟ್ ಕೊಟ್ಟ ಪ್ರಯಾಣದ ಪುಸ್ತಕ. "ಅದರ ತಮಾಷೆ ಏನು ಗೊತ್ತಾ? ಅದನ್ನು ತೋರಿಸಿದರೆ ಎಲ್ಲ ದೇಶದವರೂ ಈಜಿಪ್ಟಿಗೆ ಹೋಗು ಅಂತಾರೆ. ಈಜಿಪ್ಟಿನವರು ಮಾತ್ರ ಒಳಗೆ ಬಿಡಲ್ಲ." ಬಸ್ಸಾಮ್ ನಕ್ಕ. ವೀರೇಂದ್ರನೂ ನಕ್ಕ. ಆ ನಗುವಿನಲ್ಲಿ ಒಂದಿಷ್ಟು ನೆಮ್ಮದಿ ಇತ್ತೆಂಬುದು ಈಗ ರೈಲಿನ ಕತ್ತಲಲ್ಲಿ ನೆನಪಾಯಿತು: ತನ್ನ ಪಾಸ್‌ಪೋರ್ಟಿನ ನೆಮ್ಮದಿ. ಬಸ್ಸಾಮನ ಮಗ ಕರೀಮ್ ಹುಟ್ಟಿದ್ದು ಹತ್ತು ನಿಮಿಷದ ದಾರಿಯ ಆಸ್ಪತ್ರೆಯಲ್ಲಿ. ಅವನಿಗೂ ದೇಶವಿರಲಿಲ್ಲ.

ಅನಘಾ ಸ್ಕೂಲು ಬಿಟ್ಟ ಮೇಲೆ ಸಂಜೆಯವರೆಗೂ ಅವರ ಮನೆಯಲ್ಲೇ ಇರುತ್ತಿದ್ದಳು. ಬಸ್ಸಾಮನ ಹೆಂಡತಿ ಹನಾನ್, ಈ ಹುಡುಗಿ ಮಾಂಸ ತಿನ್ನುವುದಿಲ್ಲ, ಮಾಂಸ ಬೆಂದ ಪಾತ್ರೆಯದ್ದೂ ತಿನ್ನುವುದಿಲ್ಲ ಎಂದು ತಿಳಿದ ಮಾರನೆಯ ದಿನ ಒಂದು ಹೊಸ ಬಾಣಲೆ ತಂದು ಹಿಡಿಗೆ ಕೆಂಪು ದಾರ ಕಟ್ಟಿದ್ದಳು. ಯಾರೂ ಹೇಳಿರಲಿಲ್ಲ. ಜಯಲಕ್ಷ್ಮಿ ಅದನ್ನು ನೋಡಿ ಬಂದಳು. ನಮ್ಮ ಮನೆಗೆ ಅವರು ಬಂದರೆ ನಾನು ಕೊಡುವುದು ಬೇರೆ ಲೋಟದಲ್ಲಿ, ಎಂದಳು. ಇಲ್ಲೇ ಆಶ್ರಯ ಕೋರಿದ್ದ ಅವರ ಅರ್ಜಿಯನ್ನು ವಲಸೆ ಇಲಾಖೆ ತಿರಸ್ಕರಿಸಿ, ಬಾಡಿಗೆ ಕಟ್ಟಲಾಗದೆ ಅವರು ಸಿಡ್ನಿಯ ಲಕೆಂಬಾಕ್ಕೆ, ಹನಾನಳ ಸೋದರಸಂಬಂಧಿಯ ಮನೆಯ ಒಂದು ಕೋಣೆಗೆ ಹೊರಟಾಗ ಹನಾನ್ ಆ ಬಾಣಲೆಯನ್ನು ಬೇಲಿಯ ಮೇಲಿಂದ ಕೊಟ್ಟು ಹೋಗಿದ್ದಳು. ಈಗ ಉಳಿದಿದ್ದು ಮೇಲ್ಮನವಿ ಕೇಳುವ ಟ್ರಿಬ್ಯೂನಲ್ ಮಾತ್ರ. ಅಲ್ಲಿ ಗೆದ್ದರೆ ನಾಲ್ವರಿಗೂ ಇಲ್ಲಿ ಇರುವ ಹಕ್ಕು. ಸೋತರೆ ಇಲ್ಲಿಂದ ಹೋಗಬೇಕು, ಹೋಗಲು ಜಾಗವಿಲ್ಲ. ಅವರನ್ನು ಚೆನ್ನಾಗಿ ಬಲ್ಲವರು ಯಾರಾದರೂ ಬಂದು ಮಾತಾಡಿದರೆ ಒಳ್ಳೆಯದೆಂದು ಲಾಯರ್ ಹೇಳಿದಾಗ ಬಸ್ಸಾಮನಿಗೆ ಹೊಳೆದ ಹೆಸರು ವೀರೇಂದ್ರನದು. ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಡಲು ಅವನು, ರಜೆ ಸಿಗುತ್ತೋ ನೋಡಬೇಕು ಎಂದಿದ್ದ.

ಕಾಯುವ ಕೋಣೆಯಲ್ಲಿ ನಾಲ್ವರೂ ಒಂದೇ ಸಾಲಿನಲ್ಲಿ ಕೂತಿದ್ದರು. ಬಸ್ಸಾಮ್ ಎದ್ದು ಬಂದು ತಬ್ಬಿಕೊಂಡ. "ಅಬೂ ಅನಘಾ," ಎಂದ. ಅವರಲ್ಲಿ ಗೌರವಕ್ಕೆ ಮಕ್ಕಳ ಹೆಸರು ಹಿಡಿದು ತಂದೆಯನ್ನು ಕರೆಯುತ್ತಾರೆ, ಅನಘಾಳ ಅಪ್ಪ ಎಂದು. "ಈ ಕೋಟಿನಲ್ಲಿ ನೀನೇ ಜಡ್ಜ್ ಥರ ಕಾಣ್ತೀಯ." ಹನಾನಳ ಕಾಲ ಬಳಿ ಏಲಕ್ಕಿ ಕಾಫಿಯ ಫ್ಲಾಸ್ಕ್ ಇತ್ತು, ಎಲ್ಲ ಮುಗಿದ ಮೇಲೆ ಕುಡಿಯೋಣ ಎಂದಳು. ಅವರ ಹದಿನಾರರ ಮಗಳು ಲಿಯಾನ್ ಫೋನಿನಿಂದ ತಲೆ ಎತ್ತಿ ಅನಘಾ ಹೇಗಿದ್ದಾಳೆ ಎಂದು ಕೇಳಿದಳು. ಲಾಯರ್ ಕ್ಲೇರ್ ವೀರೇಂದ್ರನನ್ನು ಪಕ್ಕಕ್ಕೆ ಕರೆದು, ನೀವು ಕಣ್ಣಾರೆ ನೋಡಿದ್ದಷ್ಟನ್ನೇ ಹೇಳಿ, ಅದಕ್ಕಿಂತ ಹೆಚ್ಚು ಬೇಡ ಎಂದಳು. ಬೆಳಗಿನಿಂದ ಇಬ್ಬರು ಹೆಂಗಸರು ಒಂದೇ ಮಾತು ಹೇಳಿದರಲ್ಲ ಎನಿಸಿ ಅವನಿಗೆ ಕೊಂಚ ಸಿಟ್ಟು ಬಂತು.

ಒಳಗೆ ಭಯ ಹುಟ್ಟಿಸುವಂಥದ್ದೇನೂ ಇರಲಿಲ್ಲ. ಒಂದು ಮೇಜು, ನೀರಿನ ಜಗ್ಗು, ಅರಬ್ಬಿ ದುಭಾಷಿ. ವಿಚಾರಣೆ ನಡೆಸುತ್ತಿದ್ದವಳು ನರೆಗೂದಲಿನ ಹೆಂಗಸು, ಬೂದು ಕೋಟು ಅವಳ ಅಳತೆಗೆ ಹೊಲಿದ ಹಾಗಿತ್ತು. ಬಾಗಿಲಲ್ಲಿ ನಿಂತಾಗ ಕ್ಲೇರ್ ಹೇಳುತ್ತಿದ್ದ ಕೊನೆಯ ಮಾತುಗಳು ಅವನ ಕಿವಿಗೆ ಬಿದ್ದವು. ಇವರಿಗೆ ಯಾರೂ ಇಲ್ಲ, ಯಾವ ಆಸರೆಯೂ ಇಲ್ಲ, ಒಳಗೆ ಕರೆದುಕೊಳ್ಳುವವರು ಜಗತ್ತಿನಲ್ಲಿ ಒಬ್ಬರೂ ಇಲ್ಲ. ಬಸ್ಸಾಮ್ ತಲೆ ತಗ್ಗಿಸಿ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಶುಕ್ರವಾರ ಸಂಜೆ ಹಿತ್ತಲಲ್ಲಿ ಕೆಂಡದ ಮುಂದೆ ನಿಂತು ಎಲ್ಲರಿಗೂ ಬಡಿಸುತ್ತಿದ್ದ ಮನುಷ್ಯ, ಇಲ್ಲಿ ಬೇಡಲು ಬಂದವನ ಹಾಗೆ ಕೂತಿದ್ದ. ವೀರೇಂದ್ರನಿಗೆ ಅವನ ಪರವಾಗಿ ಅವಮಾನವಾಯಿತು. ತನ್ನ ಪರವಾಗಿಯೂ ಆಯಿತು. ಇಂಥವರ ಸ್ನೇಹಿತ ನಾನು ಎಂದು ಈ ಬೂದು ಕೋಟಿನವಳು ಬರೆದುಕೊಳ್ಳುತ್ತಾಳಲ್ಲ ಎಂಬ ಯೋಚನೆ ಒಂದು ಕ್ಷಣ ಹಾದು ಹೋಯಿತು. ಹಾದು ಹೋದದ್ದನ್ನು ಆಮೇಲೆ ಅವನು ಎಂದೂ ಮರೆಯಲಿಲ್ಲ.

ವೀರೇಂದ್ರನ ಅಪ್ಪ ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದರು. ಸೇರು ತುಂಬಿ, ಅಂಗೈಯಿಂದ ಸವರಿ, ಸುರಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಗಿರಾಕಿಯನ್ನು ಕಳಿಸಿದವರಲ್ಲ. ಮಾತಿನಲ್ಲೂ ಹಾಗೆಯೇ. ಸಂಬಂಧ ಬೆಳೆಸಲು ಹೊರಟವರು ಆ ಮನೆಯವರು ಹೆಂಗೆ, ಈ ಮನೆಯವರು ಹೆಂಗೆ ಎಂದು ವಿಚಾರಿಸಲು ಅಂಗಡಿಯ ಕಟ್ಟೆಗೆ ಬರುತ್ತಿದ್ದರು. ಒಂದು ಎಕರೆ ಇದ್ದವನಿಗೆ ಅಪ್ಪ ಎರಡು ಎಕರೆ ಎನ್ನುತ್ತಿದ್ದರು. ಹುಡುಗ ಗುಮಾಸ್ತನಾಗಿದ್ದರೆ, ಇವತ್ತೋ ನಾಳೆಯೋ ಮ್ಯಾನೇಜರ್ ಆಗ್ತಾನೆ ಎನ್ನುತ್ತಿದ್ದರು. "ಇನ್ನೊಬ್ಬರ ಮನಿ ಮಾತು ಅಳಿಬೇಕಾದ್ರೆ ಸವರಬಾರದಪ್ಪ, ಮೇಲೊಂದು ಹಿಡಿ ಹಾಕ್ಬೇಕು." ಸುಳ್ಳೆಂದು ಯಾರೂ ಅದನ್ನು ಕರೆಯಲಿಲ್ಲ. ಕೇಳುವವರಿಗೆ ಆ ಮೇಲಿನ ಹಿಡಿಯನ್ನು ಕಳೆದು ಲೆಕ್ಕ ಹಾಕುವುದು ಗೊತ್ತಿತ್ತು. ಎರಡು ಎಕರೆ ಎಂದರೆ ಒಂದೆಂದು ತಿಳಿದೇ ವೀಳ್ಯ ಬದಲಾಯಿಸಿಕೊಳ್ಳುತ್ತಿದ್ದರು. ಗೋದಾಮಿನಲ್ಲಿ ಒಂದು ಪೆಟ್ಟಿಗೆ ಹೆಚ್ಚು ಬರೆದರೆ ರಾತ್ರಿ ನಿದ್ದೆ ಮಾಡದ ವೀರೇಂದ್ರ, ಮನುಷ್ಯರ ಬಗ್ಗೆ ಹೇಳುವಾಗ ಮಾತ್ರ ಅಪ್ಪನ ಮಗನೇ.

"ಈ ಕುಟುಂಬದ ಬಗ್ಗೆ ನಿಮಗೆ ಗೊತ್ತಿರುವುದನ್ನು ಹೇಳಿ," ಎಂದಳು ಬೂದು ಕೋಟಿನವಳು, ಸೌಜನ್ಯದಿಂದಲೇ.

ಚೆನ್ನಾಗಿಯೇ ಶುರು ಮಾಡಿದ. ಬಾಣಲೆಯ ವಿಷಯ ಹೇಳಿದ, ಕೆಂಪು ದಾರದ ವಿಷಯ ಹೇಳಿದ. ಅವಳು ಬೆರಳುಗಳನ್ನು ಕೀಲಿಮಣೆಯಿಂದ ತೆಗೆದು ಕೇಳಿಸಿಕೊಂಡಳು, ಸಣ್ಣಗೆ ನಕ್ಕಳು. ಅಲ್ಲಿಗೆ ಮುಗಿಸಬಹುದಿತ್ತು. ಆ ನಗು ಅವನಿಗೆ ಏರಿತು. ಮಂಡಿಪೇಟೆಯ ಕಟ್ಟೆಯ ಮೇಲೆ ಕೂತವನ ದನಿ ತನ್ನ ಗಂಟಲಿಗೆ ಬಂದದ್ದು ಅವನಿಗೇ ಕೇಳಿಸಿತು, ಇಂಗ್ಲಿಷಿನಲ್ಲಿ. ಇವರು ಮರ್ಯಾದಸ್ಥ ಮನೆತನದವರು ಎಂದ. ಕೈಚಾಚುವ ಜನ ಅಲ್ಲ ಎಂದ. ಇವರ ತಮ್ಮ ನಬೀಲ್ ಶಾರ್ಜಾದಲ್ಲಿ ದೊಡ್ಡ ವ್ಯವಹಾರಸ್ಥ, ಸ್ವಂತ ಲಾರಿಗಳಿವೆ, ಸ್ವಂತ ಮನೆ ಇದೆ ಎಂದ.

"ಅದು ನಿಮಗೆ ಹೇಗೆ ಗೊತ್ತು?"

"ಬಸ್ಸಾಮ್ ಅವರೇ ಹೇಳಿದ್ದು. ಯಾವಾಗ ಬೇಕಾದರೂ ಬಾ ಎಂದು ತಮ್ಮ ಕರೆಯುತ್ತಾರಂತೆ."

ಆ ಶುಕ್ರವಾರ ನೆನಪಿಗೆ ಬಂತು. ಮೊದಲು ಹೇಳಿದ್ದು ವೀರೇಂದ್ರನೇ. ದಾವಣಗೆರೆಯಲ್ಲಿ ನನ್ನದೊಂದು ಸೈಟಿದೆ, ರೇಟು ದುಪ್ಪಟ್ಟಾಗಿದೆ, ಇಲ್ಲಿನ ಮಾರ್ಟ್‌ಗೇಜ್ ತೀರಿಸಿಬಿಟ್ಟು ಅಲ್ಲೊಂದು ಮನೆ ಕಟ್ಟಿಸುತ್ತೇನೆ ಎಂದು. ಕೆಂಡ ಕೆದಕುತ್ತಿದ್ದ ಬಸ್ಸಾಮ್ ಸ್ವಲ್ಪ ತಡೆದು, ನನ್ನ ತಮ್ಮನಿಗೆ ಮೂರು ಲಾರಿ, ಯಾವಾಗ ಬೇಕಾದರೂ ಬಾ ಅಂತಾನೆ, ಎಂದಿದ್ದ. ವೀರೇಂದ್ರನಿಗೆ ಒಳಗೆ ಚುಚ್ಚಿತ್ತು. ಮೂರು ಲಾರಿಯನ್ನು ಅವನು ಮೂರೆಂದೇ ಇಟ್ಟುಕೊಂಡಿದ್ದ, ಕಳೆದಿರಲಿಲ್ಲ.

"ಬಾ ಎಂದರೆ? ಅಲ್ಲಿ ಇರಲು ಅವರು ವ್ಯವಸ್ಥೆ ಮಾಡಬಲ್ಲರು ಎಂದು ನೀವು ತಿಳಿದಿದ್ದೀರಾ?"

"ಖಂಡಿತ. ಇಡೀ ಕುಟುಂಬಕ್ಕೆ ವೀಸಾ ಮಾಡಿಸಿಕೊಡುವಷ್ಟು ಶಕ್ತಿ ಇದೆ. ಎಷ್ಟೋ ಸಲ ಕರೆದಿದ್ದಾರೆ."

ಇದನ್ನು ಬಸ್ಸಾಮ್ ಹೇಳಿರಲಿಲ್ಲ. ಇದು ಮೇಲಿನ ಹಿಡಿ. ಕ್ಲೇರ್ ಬರೆಯುತ್ತಿದ್ದ ಪೆನ್ನು ನಿಂತಿತು. ಬೂದು ಕೋಟಿನವಳ ಬೆರಳುಗಳು ಮತ್ತೆ ಕೀಲಿಮಣೆಗೆ ಹೋದವು, ಬಹಳ ಹೊತ್ತು ಅಲ್ಲೇ ಇದ್ದವು. ಅವಳು ಏನನ್ನೂ ಕಳೆಯುತ್ತಿರಲಿಲ್ಲ. ಸೇರಿನಲ್ಲಿ ಇದ್ದದ್ದನ್ನೂ, ಕೊಸರನ್ನೂ, ನೆಲಕ್ಕೆ ಉದುರಿದ್ದನ್ನೂ ಒಂದೊಂದು ಕಾಳಾಗಿ ಹೆಕ್ಕಿ ಬರೆದುಕೊಳ್ಳುತ್ತಿದ್ದಳು. ವೀರೇಂದ್ರನಿಗೆ ಕಂಕುಳಲ್ಲಿ ಬೆವರಿತು. ಆದರ್ಶನ ಕೋಟು ಹಾಳಾಗುತ್ತದಲ್ಲ ಎನಿಸಿತು. ಆ ಹೊತ್ತಿನಲ್ಲಿ ಅವನಿಗೆ ಎನಿಸಿದ್ದು ಅಷ್ಟೇ.

ಆಮೇಲೆ ಅವಳು ಬಸ್ಸಾಮನ ಕಡೆ ತಿರುಗಿದಳು. ನಿಮ್ಮ ಹೇಳಿಕೆಯಲ್ಲಿ ತಮ್ಮನೂ ನಿಮ್ಮಂತೆಯೇ ಕೆಲಸದ ಪರವಾನಗಿಯ ಮೇಲೆ ಇದ್ದಾನೆ ಎಂದಿದೆ. ಯಾವುದು ನಿಜ?

"ಅವನು ಲಾರಿ ಓಡಿಸುತ್ತಾನೆ," ಎಂದ ಬಸ್ಸಾಮ್. ದುಭಾಷಿಗೆ ಕಾಯದೆ ಇಂಗ್ಲಿಷಿನಲ್ಲೇ ಹೇಳಿದ. "ನೀರಿನ ಲಾರಿ. ಅದು ಅವನದಲ್ಲ."

"ಹಾಗಾದರೆ ನಿಮ್ಮ ನೆರೆಯವರಿಗೆ ಹೇಳಿದ್ದು ಸುಳ್ಳೇ?"

ಬಸ್ಸಾಮ್ ವೀರೇಂದ್ರನನ್ನು ನೋಡಿದ. ತಾನು ಬಡಿಸಿದ್ದನ್ನೇ ಅತಿಥಿ ಬೀದಿಯಲ್ಲಿ ಬಿಚ್ಚಿಟ್ಟಾಗ ನೋಡುವ ನೋಟ. ಸಿಟ್ಟು ಇರಲಿಲ್ಲ.

"ಅವತ್ತು ಶುಕ್ರವಾರ," ಎಂದ. "ಮನೆಗೆ ಅತಿಥಿಗಳು ಬಂದಿದ್ದರು."

ದುಭಾಷಿ ಒಬ್ಬನಿಗೆ ಮಾತ್ರ ಅದು ಅರ್ಥವಾದಂತೆ ಕಂಡಿತು. ಅವನು ಮೇಜು ನೋಡಿದ.

ಎಲ್ಲರೂ ಹೊರಗೆ ಬಂದರು. ಹನಾನ್ ಫ್ಲಾಸ್ಕ್ ತೆಗೆದಳು. ಮೊದಲ ಕಪ್ಪು ವೀರೇಂದ್ರನಿಗೆ ಕೊಟ್ಟಳು, ದೂರದಿಂದ ಬಂದವನು ಅವನೇ ತಾನೆ. ಸಕ್ಕರೆ ಸಾಕೇ ಎಂದೂ ಕೇಳಿದಳು. ಸಾಕು ಎಂದ. ಕುಡಿದ. ಖಾಲಿಯಾದ ಕೂಡಲೇ ಅವಳು ಮತ್ತೆ ತುಂಬಿದಳು. ಅವನು ಕ್ಲೇರ್ ಹತ್ತಿರ ಹೋಗಿ, ಮತ್ತೆ ಒಳಗೆ ಕರೆಯಲು ಹೇಳಿ, ನಾನು ಹೆಚ್ಚಿಗೆ ಹೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ ಎಂದ. "ಬರೆದು ಕೊಡಿ, ಸೇರಿಸುತ್ತೇನೆ," ಎಂದಳು ಅವಳು, ಅವನ ಮುಖ ನೋಡದೆ. "ಆದರೆ ಇವರ ಜೊತೆ ಮಾತಾಡಿದ ಮೇಲೆ ಮಾತು ಬದಲಿಸಿದಿರಿ ಅಂತ ಅವರು ಅಂದುಕೊಳ್ಳಬಹುದು." ಬಸ್ಸಾಮ್ ಅವನ ಭುಜದ ಮೇಲೆ ಕೈ ಹಾಕಿದ. "ಇವತ್ತು ರಾತ್ರಿ ನಬೀಲ್‌ಗೆ ಫೋನ್ ಮಾಡ್ತೀನಿ ಅಬೂ ಅನಘಾ. ಸಿಡ್ನಿಯಲ್ಲಿ ನಿನಗೆ ಮೂರು ಲಾರಿ ಬಂದಿವೆ, ಬಂದು ತಗೊಂಡು ಹೋಗು ಅಂತ." ನಗಲು ನೋಡಿದರು ಇಬ್ಬರೂ. ಲಿಯಾನ್ ನಗಲಿಲ್ಲ. "ಅಂಕಲ್," ಎಂದಳು, "ವೈ ಡಿಡ್ ಯು ಸೇ ದಟ್?" ತುಂಬ ಮೆಲ್ಲಗೆ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ಅನಘಾ ನಿನ್ನನ್ನು ತುಂಬಾ ನೆನೆಸಿಕೊಳ್ಳುತ್ತಾಳೆ, ಎಂದ ವೀರೇಂದ್ರ.

ಮೆಲ್ಬರ್ನಿಗೆ ಅವನು ಆ ಕೋಟಿನಲ್ಲೇ ಬಂದ. ಬಿಚ್ಚಿ ಕೊಡುವುದು ಮರೆತುಹೋಗಿತ್ತು. ಜಯಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಂಡು, "ಮಾವನವ್ರು ಇದ್ದಿದ್ರೆ ನಿಮ್ಮನ್ನ ಮೆಚ್ಕೋತಿದ್ರು," ಎಂದಳಷ್ಟೆ. ಅವನು ತಪ್ಪೊಪ್ಪಿಗೆ ಬರೆದು ಕಳಿಸಿದ. ಎಷ್ಟು ಸಲ ಬರೆದರೂ ಅದರೊಳಗೆ ಬಸ್ಸಾಮನ ಬಗ್ಗೆ ಒಂದೆರಡು ಹೆಚ್ಚಿನ ಮಾತು ನುಸುಳುತ್ತಿದ್ದವು. ಹೊಡೆದು ಹಾಕಿ ಮತ್ತೆ ಬರೆದ. ಪಕ್ಕದ ಮನೆಗೆ ಪಂಜಾಬಿನವರು ಬಂದಿದ್ದರು. ಬೇಲಿಯ ಹತ್ತಿರ ಅವನು ಹೋಗುತ್ತಿರಲಿಲ್ಲ.

ತೀರ್ಪಿನ ಸುದ್ದಿ ಬಂದಾಗ ಅವನು ಗೋದಾಮಿನಲ್ಲಿ ಸ್ಟಾಕ್ ಎಣಿಸುತ್ತಿದ್ದ. ಕಂಪ್ಯೂಟರಿನಲ್ಲಿ ಇದ್ದು ಕಪಾಟಿನಲ್ಲಿ ಇಲ್ಲದ್ದನ್ನು ಗುರುತು ಮಾಡುವ ಕೆಲಸ. ಕ್ಲೇರ್ ಫೋನಿನಲ್ಲಿ ಓದಿದಳು. ಅರ್ಜಿ ತಿರಸ್ಕೃತ. ಅರ್ಜಿದಾರ ತನ್ನ ತಮ್ಮನ ಸ್ಥಿತಿಯನ್ನು ಮರೆಮಾಚಿದ್ದಾನೆ. ಹೀಗಾಗಿ ಉಳಿದ ಮಾತುಗಳನ್ನೂ ನಂಬುವುದು ಕಷ್ಟ. ನಂತರ ಬರೆದು ಕಳಿಸಿದ ತಿದ್ದುಪಡಿಗೆ ಹೆಚ್ಚು ತೂಕ ಕೊಡಲಾಗದು. ಸಾಕ್ಷಿಯಾದ ನೆರೆಯವರು ಸರಳ, ನೇರ ಮಾತಿನ ವ್ಯಕ್ತಿ. ಸುಳ್ಳು ಹೇಳಲು ಅವರಿಗೆ ಯಾವ ಕಾರಣವೂ ಇರಲಿಲ್ಲ. "ಕೋರ್ಟಿಗೆ ಹಾಕುತ್ತೇವೆ," ಎಂದಳು ಕ್ಲೇರ್. "ಆದರೆ ಕೋರ್ಟು ಕಾನೂನಿನ ತಪ್ಪು ಮಾತ್ರ ನೋಡುತ್ತೆ. ಇದು ಅಂಥ ತಪ್ಪಲ್ಲ." ಎತ್ತರದ ಕಪಾಟುಗಳ ನಡುವೆ ಅವನು ನಿಂತೇ ಇದ್ದ. ಈ ದೇಶದಲ್ಲಿ ಅವನ ಉಚ್ಚಾರ, ಅವನ ಡಿಗ್ರಿ, ಅವನ ಊರಿನ ಅನುಭವದ ಪತ್ರ, ಯಾವುದನ್ನೂ ಯಾರೂ ಒಂದೇ ಸಲಕ್ಕೆ ನಂಬಿರಲಿಲ್ಲ. ಆ ಕೋಣೆಯಲ್ಲಿ ಅಷ್ಟು ಜನರಿದ್ದು, ನಂಬಿದ್ದು ಅವನೊಬ್ಬನನ್ನು.

ಬಸ್ಸಾಮನಿಗೆ ಫೋನು ಮಾಡಿದ. ರಿಂಗ್ ಆಗಿ ಆಗಿ ನಿಂತಿತು. ಮಾರನೆಯ ವಾರ ರಿಂಗ್ ಕೂಡ ಆಗಲಿಲ್ಲ. ಲಕೆಂಬಾದ ಕೋಣೆ ಬಿಟ್ಟಿದ್ದಾರೆ ಎಂದಷ್ಟೇ ಕ್ಲೇರ್ ಹೇಳಿದಳು. ಬಸ್ಸಾಮ್‌ಗೆ ಕೆಲಸ ಮಾಡುವ ಅನುಮತಿ ಹೋಗಿತ್ತು. ಲಿಯಾನ್ ಸ್ಕೂಲಿಗೆ ಹೋಗುತ್ತಿಲ್ಲ ಎಂದು ಅನಘಾ ಯಾರದೋ ಮೆಸೇಜಿನಿಂದ ತಿಳಿದುಕೊಂಡು ಬಂದು ಹೇಳಿದಳು.

ಆ ಭಾನುವಾರ ದಾವಣಗೆರೆಯಿಂದ ದೊಡ್ಡವ್ವ ರತ್ನವ್ವನ ಫೋನು. "ಏನಪ್ಪ ವೀರೇಂದ್ರ, ಆರಾಮಿದೀಯಾ? ನಮ್ಮ ಸಿಂಚನಾಗೆ ಒಂದು ಸಂಬಂಧ ಬಂದೈತಿ. ಹುಡುಗ ನಿಮ್ಮೂರಾಗೇ ಇದಾನಂತೆ, ಅದೇನೋ ಕ್ರಾನ್‌ಬರ್ನ್ ಅಂತೆ, ಹೆಸರು ರಾಘವ್. ಹುಡುಗ ಹೆಂಗದಾನೆ?"

ವೀರೇಂದ್ರನಿಗೆ ಆ ಹುಡುಗ ಗೊತ್ತಿದ್ದ, ಕನ್ನಡ ಸಂಘದ ಊಟದ ಸಾಲಿನಲ್ಲಿ ಕಂಡಷ್ಟು. ಮೊದಲಾಗಿದ್ದರೆ ಬಂಗಾರದಂಥ ಹುಡುಗ ದೊಡ್ಡವ್ವ, ಕಣ್ಣು ಮುಚ್ಚಿ ಕೊಡು ಎನ್ನುತ್ತಿದ್ದ. ಬಾಯಿ ತೆರೆದ. ಒಲೆಯ ಪಕ್ಕದಲ್ಲಿ ಕೆಂಪು ದಾರದ ಬಾಣಲೆ ನೇತಾಡುತ್ತಿತ್ತು.

"ಒಂದು ಸಲ ನೋಡೀನಿ ದೊಡ್ಡವ್ವ. ಎತ್ತರ ಅದಾನೆ."

"ಮತ್ತೆ?"

"ಅಷ್ಟೇ. ಅದಕ್ಕಿಂತ ಹೆಚ್ಚು ಗೊತ್ತಿಲ್ಲ."

"ಗೊತ್ತಾತು ಬಿಡಪ್ಪ," ಎಂದಳು ರತ್ನವ್ವ. "ನಿಮ್ಮಪ್ಪನ ಮಗ ನೀನು. ನೀನೇ ಅಷ್ಟಕ್ಕೆ ನಿಲ್ಲಿಸಿದಿ ಅಂದ್ರೆ, ಆ ಹುಡುಗನ ತಾವ ಏನೋ ಕೆಟ್ಟದ್ದೇ ಐತಿ." ಹಾಗಲ್ಲ ದೊಡ್ಡವ್ವ, ನಿಜವಾಗಲೂ ಗೊತ್ತಿಲ್ಲ ಎಂದು ಅವನು ಹೇಳುತ್ತಿದ್ದಂತೆ, ನಿನ್ನ ಹೆಸರು ಎಲ್ಲೂ ಹೇಳಂಗಿಲ್ಲ ಬಿಡು ಎಂದು ಸಮಾಧಾನ ಮಾಡಿ ಫೋನು ಇಟ್ಟಳು. ಮತ್ತೆ ಮಾಡಿದ. ಎತ್ತಲಿಲ್ಲ. ಅಲ್ಲಿ ಅವಳು ಆಗಲೇ ಕಳೆದು ಮುಗಿಸಿದ್ದಳು.

"ಏನಂತೆ?" ಎಂದು ಜಯಲಕ್ಷ್ಮಿ ಕೇಳಿದಳು. ಹೇಳಿದ. ಅವಳು ಬಾಣಲೆಯನ್ನು ಮೊಳೆಯಿಂದ ತೆಗೆದು ಒಲೆಯ ಮೇಲಿಟ್ಟು, ಅನಘಾಗೆ ಪೂರಿ ಕರಿಯಲೋ ಬೇಡವೋ ಎಂಬಂತೆ ನಿಂತು, ಮತ್ತೆ ಅಲ್ಲೇ ನೇತುಹಾಕಿದಳು.

ಸೋಮವಾರ ಗೋದಾಮಿನಲ್ಲಿ ವರ್ಷದ ಕೊನೆಯ ಎಣಿಕೆ ಮುಗಿಯಿತು. ಇರಬೇಕಾಗಿದ್ದು ಇಲ್ಲದ್ದನ್ನು ಅವನು ಒಂದೂ ಹೆಚ್ಚಿಲ್ಲದೆ, ಒಂದೂ ಕಡಿಮೆಯಿಲ್ಲದೆ ಬರೆದು ಸಹಿ ಹಾಕಿದ. ಹಳದಿ ಜಾಕೀಟು ಬಿಚ್ಚಿ ಕಾರಿನಲ್ಲಿ ಕೂತಾಗ ಕೈ ಇನ್ನೂ ಎಣಿಸುತ್ತಲೇ ಇತ್ತು, ಸ್ಟಿಯರಿಂಗಿನ ಮೇಲೆ, ಬೆರಳು ಮಡಿಚಿ. ಒಂದು ಅರ್ಜಿ. ಒಂದು ಕೆಲಸ. ಒಂದು ಸ್ಕೂಲು. ಒಂದು ಮದುವೆ ಮಾತು. ನಾಲ್ಕು ಜನ.